ಠಾಣೆಯಲ್ಲಿ ‘ಹೆಂಗಸು ಕಾಣೆ’ ಅಂತ ಬರೆದುಕೊಂಡರು, ಮುಂದೇನು?

ತುಂಗಾತೀರ (ಪ್ರಶ್ನೆ)

ನಮ್ಮ ಪಂಚಾಯಿತಿ ಗ್ರಂಥಾಲಯದ ಬೋರ್ಡಿಗೆ ಹಾಕಲು ಎರಡು ಪುಟದ ಮಾಹಿತಿ ಪತ್ರ ಮಾಡುತ್ತಿದ್ದೇವೆ. ವಿಷಯ: ಮನೆಯವರೊಬ್ಬರು ಕಾಣೆಯಾದರೆ ಮೊದಲ ಮೂರು ದಿನ ಏನು ಮಾಡಬೇಕು. ಮಕ್ಕಳ ವಿಚಾರದಲ್ಲಿ ನಿಯಮ ಗೊತ್ತಿದೆ, 1098 ಇದೆ. ಗೊಂದಲ ಇರುವುದು 18 ದಾಟಿದವರದ್ದು.

ಕೇಳಬೇಕಾಗಿದ್ದು ಇಷ್ಟು. 24 ಗಂಟೆ ಕಳೆದ ಮೇಲೆ ಬನ್ನಿ ಅನ್ನುತ್ತಾರಲ್ಲ, ಅದಕ್ಕೆ ಕಾನೂನಿನ ಆಧಾರ ಏನಾದರೂ ಇದೆಯೇ? ಹಾಸ್ಟೆಲಿನಿಂದ ಊರಿಗೆ ಹೊರಟವರು ದಾರಿಯಲ್ಲಿ ಕಾಣೆಯಾದರೆ ಯಾವ ಠಾಣೆಗೆ ಹೋಗಬೇಕು? ಎಫ್‌ಐಆರ್ ಪ್ರತಿ ಕೊಡುತ್ತಾರೆ, ಆದರೆ ಕಲಂ ಬರೆಯುವ ಜಾಗದಲ್ಲಿ ‘ಗಂಡಸು ಕಾಣೆ’, ‘ಹೆಂಗಸು ಕಾಣೆ’ ಅಂತಷ್ಟೇ ಇರುತ್ತದೆ. ಯಾರ ಮೇಲಾದರೂ ಅನುಮಾನ ಇದ್ದರೆ ಅದು ಅಪಹರಣದ ಕೇಸಾಗಿ ಬದಲಾಗುವುದು ಹೇಗೆ? ಸಿಸಿಟಿವಿ, ಮೊಬೈಲ್ ವಿಷಯದಲ್ಲಿ ಮನೆಯವರು ಮಾಡಬಾರದ್ದು ಯಾವುದು?

ಧೈರ್ಯ ಹೇಳುವ ಮಾತು ಬೋರ್ಡಿನಲ್ಲಿ ಹಿಡಿಸುವುದಿಲ್ಲ. ಯಾವ ಕಾಗದ, ಯಾವ ಕೌಂಟರ್, ಯಾವ ಕಲಂ ಅಂತ ಹೇಳಿ.

---

ನಿವೃತ್ತ_ರೈಟರ್

24 ಗಂಟೆ ಅನ್ನುವ ನಿಯಮ ಎಲ್ಲೂ ಇಲ್ಲ. ಹಿಂದಿನ ಸಿಆರ್‌ಪಿಸಿಯಲ್ಲೂ (ದಂಡ ಪ್ರಕ್ರಿಯಾ ಸಂಹಿತೆ) ಇರಲಿಲ್ಲ, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್‌ನಲ್ಲೂ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಇಲ್ಲ. ‘ಸಂಜೆವರೆಗೂ ನೋಡಿ, ಬಂದರೂ ಬರಬಹುದು’ ಅಂತ ಠಾಣೆಯವರು ಹೇಳಿದರೆ ಅದು ಸಲಹೆ ಮಾತ್ರ. ದೂರು ತಗೊಳ್ಳಿ, ಬಂದರೆ ನಾವೇ ಬಂದು ತಿಳಿಸುತ್ತೇವೆ ಅನ್ನಿ. ವ್ಯಕ್ತಿ ಸಿಕ್ಕರೆ ಫೈಲು ಮುಗಿಸುವುದು ಠಾಣೆಗೆ ಒಂದು ದಿನದ ಕೆಲಸ. ಹಾಗೆ ಮುಗಿಸಿದ್ದಕ್ಕೆ ದೂರು ಕೊಟ್ಟವರ ಮೇಲೆ ಏನೂ ಬರುವುದಿಲ್ಲ.

ಠಾಣೆ ಯಾವುದು ಅನ್ನುವುದಕ್ಕೆ: ಬಿಎನ್‌ಎಸ್‌ಎಸ್ 173(1) ಪ್ರಕಾರ, ಪೊಲೀಸರು ನೇರ ಕೇಸು ದಾಖಲಿಸಬಹುದಾದ ಅಪರಾಧವಾದರೆ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಜನ ಅದನ್ನು ಜೀರೋ ಎಫ್‌ಐಆರ್ ಅನ್ನುತ್ತಾರೆ. ಅಲ್ಲಿ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಈ ಹದ್ದಿನ ಜಗಳ ಎಷ್ಟು ದುಬಾರಿ ಅನ್ನುವುದಕ್ಕೆ 2019ರ ನವೆಂಬರಿನ ಶಂಶಾಬಾದ್ ಕೇಸೇ ಸಾಕು. ಹೈದರಾಬಾದ್ ಹೊರವಲಯದಲ್ಲಿ ಯುವತಿ ಕಾಣೆಯಾದ ರಾತ್ರಿ ಮನೆಯವರು ಠಾಣೆಯಿಂದ ಠಾಣೆಗೆ ಅಲೆದರು. ಎಫ್‌ಐಆರ್ ತಡಮಾಡಿದ್ದಕ್ಕೆ ಮೂವರು ಪೊಲೀಸರು ಅಮಾನತಾದರು, ಅಷ್ಟರಲ್ಲಿ ಕೊಲೆ ಆಗಿಹೋಗಿತ್ತು. ಅಪರಾಧದ ಸುಳಿವೇ ಇಲ್ಲದ ಕಾಣೆ ದೂರಾದರೆ ಕೊನೆಯ ಬಾರಿ ಕಂಡ ಜಾಗದ ಠಾಣೆ ಅಥವಾ ಮನೆಯ ಠಾಣೆ, ಎರಡರಲ್ಲಿ ಹತ್ತಿರದ್ದಕ್ಕೆ ಹೋಗಿ.

ಆನ್‌ಲೈನಿನಲ್ಲಿ ಒಂದು ಎಡವಟ್ಟು ಪದೇಪದೇ ಆಗುತ್ತದೆ. ‘ಇ-ಲಾಸ್ಟ್’ನಲ್ಲಿ ದೂರು ಹಾಕಿ ರಸೀದಿ ಹಿಡಿದು ಕೂತಿರುತ್ತಾರೆ. ಅದು ಪರ್ಸು, ಮಾರ್ಕ್ಸ್ ಕಾರ್ಡು, ಮೊಬೈಲು ಕಳೆದರೆ ಹಾಕುವುದು, ಮನುಷ್ಯರಿಗಲ್ಲ. ಇಮೇಲ್ ಇತ್ಯಾದಿ ವಿದ್ಯುನ್ಮಾನ ರೂಪದಲ್ಲಿ ದೂರು ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು, ಇಲ್ಲದಿದ್ದರೆ ಅದು ದಾಖಲೆಗೆ ಏರುವುದಿಲ್ಲ.

ಈಗ ದೂರಿನ ಒಕ್ಕಣೆ. ಮುಕ್ಕಾಲು ಪಾಲು ಕೇಸು ಹಾಳಾಗುವುದು ಇಲ್ಲೇ. ಸಾಮಾನ್ಯವಾಗಿ ಬರುವ ಸಾಲು: ‘ನನ್ನ ಮಗಳು ಮನೆಯಲ್ಲಿ ಯಾರಿಗೂ ಹೇಳದೆ ಕೇಳದೆ ಎಲ್ಲಿಯೋ ಹೋಗಿರುತ್ತಾಳೆ, ಹುಡುಕಿಕೊಡಬೇಕಾಗಿ ಪ್ರಾರ್ಥನೆ.’ ಠಾಣೆಯಲ್ಲಿ ಕೂತವರೇ ಹೀಗೆ ಬರೆಸುವುದೂ ಉಂಟು. ‘ಹೇಳದೆ ಹೋಗಿರುತ್ತಾಳೆ’ ಅಂದರೆ ತಾನಾಗಿ ಹೋದಳು ಅಂತ ನೀವೇ ತೀರ್ಮಾನ ಕೊಟ್ಟ ಹಾಗೆ. ಆರು ತಿಂಗಳಾದ ಮೇಲೆ ಅಪಹರಣ ಅಂತ ಹೇಳಲು ಹೋದರೆ ಎದುರಿನ ವಕೀಲರು ಮೊದಲು ಓದುವ ಸಾಲೇ ಇದು. ಕಂಡದ್ದನ್ನಷ್ಟೇ ಬರೆಯಿರಿ: ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಜಾಗದಲ್ಲಿ ಇಂಥವರು ಕೊನೆಯದಾಗಿ ನೋಡಿದರು; ಇಷ್ಟು ಗಂಟೆಗೆ ಕೊನೆಯ ಕರೆ; ಇಷ್ಟು ಗಂಟೆಯಿಂದ ಸ್ವಿಚ್ ಆಫ್; ಈವರೆಗೆ ಮನೆಗೆ ಬಂದಿಲ್ಲ. ಬೆದರಿಕೆ, ಸಾಲದ ಗಲಾಟೆ, ಮದುವೆ ಒತ್ತಾಯ, ಹಿಂಬಾಲಿಸುತ್ತಿದ್ದವರು ಯಾರಾದರೂ ಇದ್ದರೆ ಅದೂ ಮೊದಲ ದಿನದ ಕಾಗದದಲ್ಲೇ ಇರಲಿ. ಮರ್ಯಾದೆಗೆ ಅಂಜಿ ಇದೊಂದನ್ನು ಮುಚ್ಚಿಡುತ್ತಾರೆ, ಆಮೇಲೆ ಹೇಳಿದರೆ ‘ಮೊದಲೇ ಯಾಕೆ ಹೇಳಲಿಲ್ಲ’ ಅನ್ನುವ ಪ್ರಶ್ನೆ ಕೇಸಿನ ಕೊನೆವರೆಗೂ ಬಿಡುವುದಿಲ್ಲ.

ಚಹರೆ ಪಟ್ಟಿ. ಪೇಪರಿನ ಪ್ರಕಟಣೆಯಲ್ಲಿ ನೋಡಿರುತ್ತೀರಿ, ‘5.2 ಅಡಿ ಎತ್ತರ, ಗೋಧಿ ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು’. ಈ ವರ್ಣನೆಗೆ ತಾಲೂಕಿನ ಅರ್ಧ ಜನ ಹೊಂದುತ್ತಾರೆ. ಗುರುತು ಸಿಗುವುದು ಬೇರೆ ವಿವರಗಳಿಂದ: ಹಳೆ ಆಪರೇಷನ್ ಗಾಯದ ಗುರುತು ಎಲ್ಲಿ, ಎಷ್ಟು ಉದ್ದ, ಮೂಳೆ ಮುರಿದು ಪ್ಲೇಟು ಹಾಕಿದ್ದರೆ ಯಾವ ಕೈ ಯಾವ ಕಾಲು, ಕಟ್ಟಿಸಿದ ಹಲ್ಲು ಯಾವುದು, ಹಚ್ಚೆಯ ಅಕ್ಷರ, ಕಿವಿ ಎಷ್ಟು ಕಡೆ ಚುಚ್ಚಿದೆ, ಚಪ್ಪಲಿಯ ಅಳತೆ. ಬಟ್ಟೆಯ ಬಣ್ಣಕ್ಕಿಂತ ರವಿಕೆ ಅಥವಾ ಷರಟಿನ ಕಾಲರಿಗೆ ಹೊಲಿದಿರುವ ಟೈಲರ್ ಪಟ್ಟಿ ಮುಖ್ಯ. ಅದೇ ಟೈಲರ್ ಹೊಲಿದ ಇನ್ನೊಂದು ಬಟ್ಟೆ ಮನೆಯಲ್ಲಿದ್ದರೆ ಪಟ್ಟಿಯ ಫೋಟೋ ತೆಗೆದು ದೂರಿನ ಜೊತೆ ಕೊಡಿ. ನೀರಲ್ಲಿ ಮೂರು ದಿನ ಇದ್ದ ದೇಹದ ಮುಖ ಹೆತ್ತವರಿಗೂ ಗುರುತು ಹತ್ತದೆ ಇರಬಹುದು, ಪಟ್ಟಿಯ ಮೇಲಿನ ನೂಲಿನ ಅಕ್ಷರ ಹಾಗೇ ಉಳಿದಿರುತ್ತದೆ.

ಈ ಮಾತು ಬರೆಯಲು ಹಿತ ಅನ್ನಿಸುವುದಿಲ್ಲ, ಆದರೆ ಕಾಣೆ ಕೇಸಿನ ದೊಡ್ಡ ಬಿರುಕು ಇಲ್ಲೇ ಇದೆ. ಒಂದು ಠಾಣೆಯಲ್ಲಿ ಕಾಣೆ ಫೈಲು ಇರುತ್ತದೆ. ನೂರು ಕಿಲೋಮೀಟರ್ ಆಚೆ ಇನ್ನೊಂದು ಠಾಣೆಯಲ್ಲಿ ‘ಅಪರಿಚಿತ ಶವ’ ಅಂತ ಯುಡಿಆರ್ (ಅಸ್ವಾಭಾವಿಕ ಸಾವಿನ ವರದಿ) ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಓದುವವರು ಬೇಕು. ಸಯನೈಡ್ ಮೋಹನ್ ಅಂತ ಹೆಸರಾದ ಸರಣಿ ಹಂತಕ ಮೋಹನ್ ಕುಮಾರ್ ವಿಷಯದಲ್ಲಿ ಆದದ್ದು ಇದೇ. ಕಾಣೆಯಾದದ್ದು ದಕ್ಷಿಣ ಕನ್ನಡ ಕಡೆಯ ಹೆಣ್ಣುಮಕ್ಕಳು. ದೇಹ ಸಿಕ್ಕಿದ್ದು ಹಾಸನ, ಮೈಸೂರು, ಮಡಿಕೇರಿಯಂಥ ಊರುಗಳ ಬಸ್ ನಿಲ್ದಾಣದ ಶೌಚಾಲಯದಲ್ಲಿ. ಅಲ್ಲಲ್ಲೇ ಯುಡಿಆರ್ ಆಗಿ, ಅಲ್ಲಲ್ಲೇ ಮುಗಿಯಿತು. 2009ರಲ್ಲಿ ಬಂಟ್ವಾಳ ತಾಲೂಕಿನ ಒಂದು ಕಾಣೆ ಕೇಸಿನ ಕರೆ ವಿವರಗಳ ಬೆನ್ನು ಹತ್ತಿದ ಮೇಲೆ ಉಳಿದವು ಒಂದೊಂದಾಗಿ ಬಿಚ್ಚಿಕೊಂಡವು. ಕೊನೆಗೆ ಕೊಲೆಗಳ ಲೆಕ್ಕ 20ಕ್ಕೆ ಹೋಯಿತು. ಮೊದಲ ಶಿಕ್ಷೆಗಳು ಬಂದದ್ದು 2013ರ ಡಿಸೆಂಬರಿನಲ್ಲಿ.

ಹಾಗಾಗಿ ನಿಮ್ಮ ಪತ್ರದಲ್ಲಿ ಇದಕ್ಕೆ ಜಾಗ ಕೊಡಿ: ವಾರ ಕಳೆದರೂ ಸುಳಿವಿಲ್ಲದಿದ್ದರೆ, ಕಾಣೆಯಾದ ದಿನದಿಂದ ಈಚೆಗೆ ಸಿಕ್ಕ ಅಪರಿಚಿತ ಶವಗಳ ಯುಡಿಆರ್ ಜೊತೆ ಹೋಲಿಸಿ ನೋಡಿ ಅಂತ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ. ಜಿಲ್ಲೆಯೊಳಗೆ ಮಾತ್ರವಲ್ಲ, ಬಸ್ಸು-ರೈಲು ಹೋಗುವ ಪಕ್ಕದ ಜಿಲ್ಲೆ, ಪಕ್ಕದ ರಾಜ್ಯಗಳದ್ದೂ ನೋಡಬೇಕು. ರೈಲ್ವೆ ಪೊಲೀಸರದ್ದು ಬೇರೆ ಲೆಕ್ಕ, ಅವರನ್ನು ಮರೆಯುವುದೇ ಹೆಚ್ಚು. ನಾಲೆ, ಹೊಳೆ ಇದ್ದ ಕಡೆ ಕೆಳಹರಿವಿನ ಠಾಣೆಗಳನ್ನು ಹೆಸರು ಹಿಡಿದು ಬರೆಯಿರಿ. ನೀರಿಗೆ ಬಿದ್ದ ದೇಹ ತೂಬಿನ ಗೇಟಿಗೋ ಸೇತುವೆಯ ಕಂಬಕ್ಕೋ ಸಿಕ್ಕಿಕೊಳ್ಳುವುದು ಬೇರೆ ಠಾಣೆಯ ಹದ್ದಿನಲ್ಲಿ.

ಪ್ರತಿ ಕಾಗದಕ್ಕೂ ಸ್ವೀಕೃತಿ ಬೇಕು: ದಿನಾಂಕ, ಮೊಹರು, ಪಡೆದವರ ಸಹಿ. ಎಫ್‌ಐಆರ್ ಪ್ರತಿ ಉಚಿತ. ‘ಹಿಂಬರಹ ಕೊಡ್ತೀವಿ, ಸಾಕಲ್ಲ’ ಅಂದರೆ ಸಾಲದು.

---

ಮಳೆಬಿಲ್ಲು_92

ಮೊದಲು ಕಾಣೆಯಾದವರ ಸಿಮ್ ಬ್ಲಾಕ್ ಮಾಡಿಸಿ, ಬ್ಯಾಂಕ್ ಖಾತೆ ಫ್ರೀಜ್ ಮಾಡಿಸಿ. ದುರುಪಯೋಗ ಆಗಬಾರದು.

---

ಟವರ್_ಕೆಳಗೆ

ಮೇಲಿನ ಸಲಹೆಯನ್ನು ದಯವಿಟ್ಟು ಬೋರ್ಡಿಗೆ ಹಾಕಬೇಡಿ. ಫೋನು ಕಳೆದಾಗ ಮಾಡುವ ಕೆಲಸ ಅದು. ಮನುಷ್ಯರು ಕಳೆದಾಗ ಪೂರ್ತಿ ಉಲ್ಟಾ.

ಸಿಮ್ ಬ್ಲಾಕ್ ಮಾಡಿಸಿದರೆ ಫೋನು ಟವರಿಗೆ ಹತ್ತುವುದು ನಿಲ್ಲುತ್ತದೆ. ಡೂಪ್ಲಿಕೇಟ್ ಸಿಮ್ ತೆಗೆದರೂ ಅಷ್ಟೇ, ಹೊಸದು ಚಾಲೂ ಆದ ಕ್ಷಣ ಹಳೆಯದು ಸತ್ತಂತೆ. ಆ ಫೋನು ನಾಲ್ಕನೇ ದಿನ ಐದು ನಿಮಿಷ ಆನ್ ಆಗಿದ್ದರೆ ಸಿಗಬೇಕಿದ್ದ ಜಾಗ ಶಾಶ್ವತವಾಗಿ ತಪ್ಪುತ್ತದೆ. ಸಂಚಾರ್ ಸಾಥಿಯಲ್ಲಿ (ಕೇಂದ್ರದ ದೂರಸಂಪರ್ಕ ಇಲಾಖೆಯ ಪೋರ್ಟಲ್) ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬ್ಲಾಕ್ ಮಾಡುವುದೂ ಇದೇ ತಪ್ಪು. ಪೊಲೀಸರು ಬೇಕೆಂದರೆ ಐಎಂಇಐ ಮೇಲೆ ನಿಗಾ ಇಡಿಸುತ್ತಾರೆ. ಬೇರೆ ಸಿಮ್ ಹಾಕಿದರೂ ಅದರಲ್ಲಿ ಗೊತ್ತಾಗುತ್ತದೆ. ಐಎಂಇಐ ಸಂಖ್ಯೆ ಫೋನಿನ ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಇರುತ್ತದೆ. ಎರಡು ಸಿಮ್ಮಿನ ಫೋನಿಗೆ ಎರಡು ಸಂಖ್ಯೆ, ಎರಡನ್ನೂ ಕೊಡಿ.

ಪ್ರೀಪೇಯ್ಡ್ ಆದರೆ ರೀಚಾರ್ಜ್ ಮಾಡುತ್ತಲೇ ಇರಿ. 90 ದಿನ ಬಳಕೆ ಇಲ್ಲದೆ, ಬ್ಯಾಲೆನ್ಸ್ 20 ರೂಪಾಯಿಗಿಂತ ಕಮ್ಮಿ ಇದ್ದರೆ ಸಂಖ್ಯೆ ರದ್ದಾಗಬಹುದು. ಆಮೇಲೆ ಬೇರೆಯವರಿಗೆ ಹಂಚಿಹೋದರೆ, ಅವರ ಫೋನು ರಿಂಗಾದಾಗ ಮನೆಯವರಿಗೆ ಆಗುವ ಆಸೆ-ನಿರಾಸೆ ಬೇರೆ.

ಗೂಗಲ್ ಖಾತೆಯ ಪಾಸ್‌ವರ್ಡ್ ಊಹಿಸಿ ಊಹಿಸಿ ಹಾಕಬೇಡಿ, ರಿಸೆಟ್ ಅಂತೂ ಬೇಡವೇ ಬೇಡ. ಪಾಸ್‌ವರ್ಡ್ ಬದಲಾದರೆ ಅವರ ಕೈಯಲ್ಲಿರುವ ಫೋನಿನಿಂದಲೇ ಖಾತೆ ಲಾಗೌಟ್ ಆಗಬಹುದು. ಮನೆಯ ಕಂಪ್ಯೂಟರಿನಲ್ಲೋ ಟ್ಯಾಬಿನಲ್ಲೋ ಆಗಲೇ ಲಾಗಿನ್ ಇದ್ದರೆ ಅದನ್ನು ಆಫ್ ಮಾಡದೆ ತನಿಖಾಧಿಕಾರಿಗೆ ತೋರಿಸಿ.

ಕರೆ ವಿವರ, ಅಂದರೆ ಸಿಡಿಆರ್, ಮನೆಯವರಿಗೆ ಕಂಪನಿ ಕೊಡುವುದಿಲ್ಲ. ಪೊಲೀಸರಲ್ಲೂ ಎಸ್‌ಪಿ ದರ್ಜೆಯ ಅಧಿಕಾರಿಯ ಮೂಲಕ ಕೇಳಿಕೆ ಹೋಗಬೇಕು. ಠಾಣೆಯವರು ‘ಮೇಲಿಂದ ಬರಬೇಕು’ ಅನ್ನುವುದು ಪೂರ್ತಿ ನೆಪವಲ್ಲ. ಕಂಪನಿಗಳು ಈ ದಾಖಲೆಯನ್ನು ಕನಿಷ್ಠ 2 ವರ್ಷ ಇಡಬೇಕು, 2021ರ ಡಿಸೆಂಬರಿನಿಂದ ಹಾಗೆ, ಅದಕ್ಕೆ ಮೊದಲು ಒಂದೇ ವರ್ಷ ಇತ್ತು. ಹಾಗಾಗಿ ಹಳೆ ಸಿಡಿಆರ್ ನಾಳೆಯೇ ಕಾಣೆಯಾಗುವುದಿಲ್ಲ. ಅವಸರ ಇರುವುದು ಫೋನು ಇನ್ನೂ ಆನ್ ಇರುವಾಗಿನ ಟವರ್ ಲೊಕೇಶನ್‌ಗೆ. ‘ರಿಂಗ್ ಆಗ್ತಾ ಇದೆ, ಎತ್ತುತ್ತಿಲ್ಲ’ ಅನ್ನುವ ಸ್ಥಿತಿ ಇದ್ದರೆ 112ಕ್ಕೆ ಹೇಳಿ, ಠಾಣೆಗೂ ಆಗಲೇ ಹೇಳಿ. ಇಪ್ಪತ್ತು ಜನ ಸೇರಿ ಒಂದೇ ಸಮ ಕರೆ ಮಾಡಿ ಬ್ಯಾಟರಿ ಮುಗಿಸಬೇಡಿ. ದಿನಕ್ಕೆ ಎರಡು ಮೆಸೇಜ್ ಸಾಕು.

ಬ್ಯಾಂಕ್ ಖಾತೆಯೂ ತೆರೆದೇ ಇರಲಿ. ಎಟಿಎಂನಲ್ಲಿ ಯಾರಾದರೂ ಕಾರ್ಡು ಹಾಕಿದರೆ ಸಮಯವೂ ಸಿಗುತ್ತದೆ, ಮುಖವೂ ಸಿಗುತ್ತದೆ.

---

ಮಳೆಬಿಲ್ಲು_92

ಸರಿ ಸರ್, ಗೊತ್ತಿರಲಿಲ್ಲ. ಹಾಗೇ ಬಿಡುತ್ತೇನೆ, ಬೇರೆಯವರಿಗೂ ಪಾಠ ಆಗಲಿ.

---

ಡಿವಿಆರ್_ಫಿಟ್ಟರ್

ಸಿಸಿಟಿವಿ ಬಗ್ಗೆ ಮಾತ್ರ ಹೇಳುತ್ತೇನೆ. ಸಿಡಿಆರ್ ಎರಡು ವರ್ಷ ಕಾಯುತ್ತದೆ, ಇದು ಕಾಯುವುದಿಲ್ಲ.

ಲೆಕ್ಕ ಹೀಗೆ. ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ ದಿನವಿಡೀ ರೆಕಾರ್ಡ್ ಮಾಡಿದರೆ ಸುಮಾರು 21.6 ಜಿಬಿ. ನಾಲ್ಕು ಕ್ಯಾಮೆರಾಕ್ಕೆ 86 ಜಿಬಿ. ಕಿರಾಣಿ ಅಂಗಡಿ, ಮೆಡಿಕಲ್ ಶಾಪಿನಲ್ಲಿ ಇರುವ 1 ಟಿಬಿ ಹಾರ್ಡ್‌ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದರ ಮೇಲೇ ಹೊಸದು ಬರೆಯಲು ಶುರು. ಎಂಟು ಕ್ಯಾಮೆರಾ ಆದರೆ ಆರು ದಿನವೂ ಇಲ್ಲ. ಜನ ಸೇರುವ ಸಂಸ್ಥೆಗಳು 30 ದಿನ ಇಡಬೇಕು ಅಂತ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ, ಆದರೆ ನೀವು ಹುಡುಕುತ್ತಿರುವ ತಿರುವಿನಲ್ಲಿ ಇರುವುದು ಪಂಕ್ಚರ್ ಅಂಗಡಿಯವನ ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ). ಆದ್ದರಿಂದ ಮೊದಲ ದಿನವೇ ದಾರಿ ಉದ್ದಕ್ಕೂ ನಡೆದು ಯಾವ ಅಂಗಡಿ, ಎಷ್ಟು ಕ್ಯಾಮೆರಾ, ಯಾವ ದಿಕ್ಕಿಗೆ ಮುಖ ಅಂತ ಬರೆದು ಆ ಪಟ್ಟಿಯನ್ನು ಠಾಣೆಗೆ ಕೊಡಿ.

ಮನೆಯವರು ಮಾಡುವ ತಪ್ಪು: ಮಾನಿಟರ್ ಪರದೆಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಹಂಚುವುದು. ಎರಡು ಸಲ ಕುಗ್ಗಿದ ಮೇಲೆ ಬೈಕಿನ ನಂಬರ್ ಪ್ಲೇಟ್ ಬಿಳಿ ಚೌಕವಾಗುತ್ತದೆ, ಕೋರ್ಟಿನಲ್ಲೂ ಅದು ನಿಲ್ಲುವುದು ಕಷ್ಟ. ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆಯಬೇಕು, ಅದರಲ್ಲೂ ‘ಮೇನ್ ಸ್ಟ್ರೀಮ್’ (ಪೂರ್ತಿ ಗುಣಮಟ್ಟದ್ದು) ಆಯ್ಕೆ ಮಾಡಬೇಕು, ‘ಸಬ್ ಸ್ಟ್ರೀಮ್’ (ಕುಗ್ಗಿಸಿದ್ದು) ಅಲ್ಲ. ಎಷ್ಟೋ ಡಿವಿಆರ್ ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವನ್ನು ಮಾತ್ರ ಗುರುತಿಸುತ್ತವೆ. ಕಂಪನಿಯ ಸ್ವಂತ ಫೈಲ್ ರೂಪದಲ್ಲೇ ತೆಗೆದು ಜೊತೆಗೆ ಪ್ಲೇಯರ್ ಸಾಫ್ಟ್‌ವೇರನ್ನೂ ನಕಲು ಮಾಡಿ. ಎಂಪಿ4ಗೆ ಬದಲಾಯಿಸಲು ಹೋಗಬೇಡಿ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಗಡಿಯಾರ. ಡಿವಿಆರ್ ಒಳಗೆ ಒಂದು ಬಟನ್ ಸೆಲ್ ಇರುತ್ತದೆ. ಅದು ಸತ್ತರೆ ಪ್ರತಿ ಸಲ ಕರೆಂಟ್ ಹೋದಾಗಲೂ ಸಮಯ ತಪ್ಪುತ್ತದೆ. ಹತ್ತು ನಿಮಿಷ ಹಿಂದೆ, ಒಂದು ದಿನ ಮುಂದೆ, ಕೆಲವೊಮ್ಮೆ 2000ನೇ ಇಸವಿ. ‘6.40ಕ್ಕೆ ಇಲ್ಲಿ ಹಾದುಹೋದಳು’ ಅಂತ ನಂಬಿ ಮುಂದಿನ ಅಂಗಡಿಯಲ್ಲಿ 6.45ರದ್ದು ಹುಡುಕಿದರೆ ಏನೂ ಸಿಗುವುದಿಲ್ಲ. ಸರಿಪಡಿಸಲು ಹೋಗಬೇಡಿ, ಮುಟ್ಟಲೇಬೇಡಿ. ಡಿವಿಆರ್ ಪರದೆಯ ಸಮಯ ಮತ್ತು ಪಕ್ಕದಲ್ಲಿ ಹಿಡಿದ ಮೊಬೈಲಿನ ಸಮಯ, ಎರಡೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಫೋಟೋ ತೆಗೆದುಕೊಳ್ಳಿ. ವ್ಯತ್ಯಾಸ ಎಷ್ಟು ಅನ್ನುವುದಕ್ಕೆ ಅದೇ ಆಧಾರ.

ಪೊಲೀಸರು ಬರುವುದು ತಡವಾಗುತ್ತದೆ ಅನ್ನಿಸಿದರೆ, ಅಂಗಡಿಯವರು ಒಪ್ಪಿದರೆ ಹಾರ್ಡ್‌ಡಿಸ್ಕನ್ನೇ ಬದಲಾಯಿಸಿಬಿಡಿ. ಹೊಸದು ಹಾಕಿ ಹಳೆಯದನ್ನು ಅಂಗಡಿಯವರ ಹತ್ತಿರವೇ ಲಕೋಟೆಯಲ್ಲಿ ಇಡಿಸಿ, ಮೇಲೆ ದಿನಾಂಕ, ಸಹಿ. ಹಳೆಯದನ್ನು ಬೇರೆ ಡಿವಿಆರಿಗೆ ಹಾಕಿ ನೋಡೋಣ ಅನ್ನಬೇಡಿ, ‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳುತ್ತದೆ, ಯಾರೋ ಒಬ್ಬರು ಎಸ್ ಒತ್ತುತ್ತಾರೆ.

---

ವಕೀಲೆ_ಧಾರವಾಡ

ಫಿಟ್ಟರ್ ಅಣ್ಣಾರು ಹೇಳಿದ್ದಕ್ಕ ಒಂದು ಸೇರಿಸ್ತೀನ್ರಿ. ಆ ನಕಲು ಕೋರ್ಟಿನ್ಯಾಗ ನಿಲ್ಲಬೇಕಂದ್ರ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು, ಹಳೇದು 65-ಬಿ ಅಂತಿತ್ತಲ್ಲ, ಅದ. ಈಗ ಎರಡು ಭಾಗ ಅದಾವ: ‘ಎ’ ಭಾಗ ಯಂತ್ರ ಯಾರ ಸುಪರ್ದಿನಾಗ ಇತ್ತೋ ಅವರದು, ‘ಬಿ’ ಭಾಗ ತಜ್ಞರದು. ಹ್ಯಾಶ್ ಮೌಲ್ಯ, ಅಂದ್ರ ಫೈಲು ಬದಲಾಗಿಲ್ಲ ಅಂತ ತೋರಿಸೋ ಸಂಕೇತ, ಬರೀಬೇಕು. ಅಂಗಡಿಯವರ ಹೆಸರು, ನಂಬರು ಅವತ್ತೇ ಬರಕೊಂಡಿಡ್ರಿ. ಎರಡು ವರ್ಷ ಆದಮ್ಯಾಲೆ ಅವರು ಅಂಗಡಿ ಬಿಟ್ಟು ಹೋಗಿರ್ತಾರ.

ಇನ್ನ ಮೂಲ ಪ್ರಶ್ನೆ, ಸ್ವಲ್ಪ ಗ್ರಂಥದ ಭಾಷೆಯಲ್ಲೇ ಹೇಳುತ್ತೇನೆ, ಬೋರ್ಡಿಗೆ ಎತ್ತಿಕೊಳ್ಳಲು ಸುಲಭವಾಗಲಿ.

‘ಹೆಂಗಸು ಕಾಣೆ’ ಅನ್ನುವುದು ಅಪರಾಧದ ಕಲಂ ಅಲ್ಲ. ವಯಸ್ಕರು ತಮ್ಮಿಚ್ಛೆಯಿಂದ ಎಲ್ಲಿಗೆ ಬೇಕಾದರೂ ಹೋಗಬಹುದು, ಅದು ತಪ್ಪಲ್ಲ. ಹಾಗಾಗಿ ಅದು ಹುಡುಕಾಟದ ಫೈಲು, ಅಪರಾಧದ ತನಿಖೆ ಅಲ್ಲ. ಹುಡುಕಾಟದ ಫೈಲಿನಲ್ಲಿ ಯಾರನ್ನೂ ಬಂಧಿಸಲು ಬರುವುದಿಲ್ಲ. 18ರೊಳಗಿನವರಾದರೆ ಹೀಗಲ್ಲ. 2013ರ ಬಚ್‌ಪನ್ ಬಚಾವೋ ಆಂದೋಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಅಪಹರಣ ಅಥವಾ ಸಾಗಣೆ ಅಂತಲೇ ಭಾವಿಸಿ ಎಫ್‌ಐಆರ್ ಆಗಬೇಕು, ಸಾಮಾನ್ಯವಾಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 137(2) ಹಾಕುತ್ತಾರೆ. 4 ತಿಂಗಳಲ್ಲಿ ಪತ್ತೆಯಾಗದಿದ್ದರೆ ಮಾನವ ಸಾಗಣೆ ತಡೆ ಘಟಕಕ್ಕೆ ಹೋಗಬೇಕು.

ವಯಸ್ಕರ ಫೈಲು ಅಪರಾಧದ ಕೇಸಾಗಬೇಕಾದರೆ ಅಪರಾಧ ತೋರಿಸುವ ಸಂಗತಿ ಒಂದಾದರೂ ಕಾಗದದ ಮೇಲೆ ಬರಬೇಕು. ಬೆದರಿಕೆ ಮೆಸೇಜ್, ಒಡೆದ ಫೋನು, ರಸ್ತೆ ಬದಿ ನಿಂತ ಬೈಕು, ಕಾಣೆಯಾದ ಮೇಲೆ ಖಾತೆಯಿಂದ ಹೋದ ಹಣ, ಒತ್ತೆಹಣದ ಕರೆ. ಸಿಕ್ಕ ದಿನವೇ ‘ಪುರವಣಿ ಹೇಳಿಕೆ’ (ಮೊದಲ ದೂರಿಗೆ ಸೇರಿಸುವ ಹೇಳಿಕೆ) ಕೊಡಿ. ತನಿಖಾಧಿಕಾರಿ ಅದರ ಮೇಲೆ ಕಲಂ ಅಳವಡಿಸಲು ನ್ಯಾಯಾಲಯಕ್ಕೆ ವರದಿ ಹಾಕುತ್ತಾರೆ: ಕೊಲ್ಲುವ ಅಥವಾ ಒತ್ತೆಹಣದ ಉದ್ದೇಶದ ಅಪಹರಣಕ್ಕೆ ಬಿಎನ್‌ಎಸ್ 140, ಅಕ್ರಮ ಬಂಧನಕ್ಕೆ 127, ಕೊಲೆಗೆ 103, ಸಾಕ್ಷ್ಯ ನಾಶಕ್ಕೆ 238. ‘ನಮಗೆ ಅನುಮಾನ ಇದೆ’ ಅಂತಷ್ಟೇ ಬರೆದರೆ ಕಲಂ ಬದಲಾಗುವುದಿಲ್ಲ. ಅನುಮಾನಕ್ಕೆ ಕಾರಣವಾದ ಸಂಗತಿ ಬರೆದರೆ ಬದಲಾಗುತ್ತದೆ. ಪೊಲೀಸರು ನೇರ ಕೇಸು ದಾಖಲಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಅಂತ 2013ರ ಲಲಿತಾ ಕುಮಾರಿ ತೀರ್ಪು ಇದೆ, ಐವರು ನ್ಯಾಯಮೂರ್ತಿಗಳ ಪೀಠ.

ಠಾಣೆಯವರು ಒಪ್ಪಲಿಲ್ಲವೇ? ಬಿಎನ್‌ಎಸ್‌ಎಸ್ 173(4)ರ ಪ್ರಕಾರ ದೂರಿನ ಸಾರಾಂಶವನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಬೆಂಗಳೂರು, ಮೈಸೂರಿನಂಥ ಕಮಿಷನರೇಟ್ ಆದರೆ ಡಿಸಿಪಿಗೆ. ಸ್ಪೀಡ್ ಪೋಸ್ಟ್ ರಸೀದಿ ಮತ್ತು ತಲುಪಿದ ವಿವರದ ಪ್ರಿಂಟ್ ಎರಡೂ ಇಟ್ಟುಕೊಳ್ಳಿ. ಅಲ್ಲೂ ಆಗಲಿಲ್ಲ ಅಂದರೆ ಮ್ಯಾಜಿಸ್ಟ್ರೇಟರ ಮುಂದೆ 175(3)ರ ಅರ್ಜಿ. ಈ ಅರ್ಜಿ ಹೆಚ್ಚಾಗಿ ಬೀಳುವುದು ಎರಡು ಕಾರಣಕ್ಕೆ: ಎಸ್‌ಪಿ ಮೆಟ್ಟಿಲು ಹಾರಿ ಬಂದಿರುವುದು, ಅಫಿಡವಿಟ್ ಲಗತ್ತಿಸದೆ ಇರುವುದು. ಅಫಿಡವಿಟ್ ಬೇಕು ಅಂತ ಈಗ ಕಾನೂನಿನಲ್ಲೇ ಬರೆದಿದೆ.

ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು, ಬಿಎನ್‌ಎಸ್‌ಎಸ್ 193(3). ತಿಳಿಸದಿದ್ದರೆ ಆ ಕಲಂ ನಮೂದಿಸಿ ಪತ್ರ ಬರೆಯಿರಿ. ಕೊನೆಗೆ ‘ಸಿ ರಿಪೋರ್ಟ್’ ಹಾಕಿದರೆ ಅಪರಾಧ ಆದದ್ದು ನಿಜ, ಮಾಡಿದವರು ಪತ್ತೆಯಾಗಿಲ್ಲ ಅಂತ ಅರ್ಥ. ‘ಬಿ ರಿಪೋರ್ಟ್’ ಅಂದರೆ ಕೇಸಿನಲ್ಲಿ ಹುರುಳಿಲ್ಲ ಅಂತ. ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಮುಕ್ತಾಯ ವರದಿ ಒಪ್ಪುವ ಮೊದಲು ದೂರುದಾರರಿಗೆ ನೋಟಿಸ್ ಕೊಡಬೇಕು ಅಂತ 1985ರಿಂದ ಕಾನೂನು, ಭಗವಂತ್ ಸಿಂಗ್ ಪ್ರಕರಣ. ನೋಟಿಸ್ ಬಂದಾಗ ಮನೆ ಬದಲಾಯಿಸಿದ್ದರೆ ಅದು ವಾಪಸ್ ಹೋಗುತ್ತದೆ, ಕೇಸು ಸದ್ದಿಲ್ಲದೆ ಮುಗಿಯುತ್ತದೆ. ವಿಳಾಸ ಬದಲಾದರೆ ಠಾಣೆಗೂ ಕೋರ್ಟಿಗೂ ತಿಳಿಸಿ. ಒಪ್ಪಿಗೆ ಇಲ್ಲದಿದ್ದರೆ ತಕರಾರು ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಿ ಅಥವಾ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ.

---

ತುಂಗಾತೀರ

ಮೇಡಂ, ಹೇಬಿಯಸ್ ಕಾರ್ಪಸ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದನ್ನು ಸೇರಿಸಬೇಕೇ? ಮತ್ತೆ, ಹೆಣ ಸಿಕ್ಕಿದ ಮೇಲೂ ಕೇಸು ಬಿದ್ದುಹೋಗುತ್ತದಲ್ಲ, ಯಾಕೆ?

---

ವಕೀಲೆ_ಧಾರವಾಡ

ಸೇರಿಸಿ, ಆದರೆ ಎರಡೇ ಸಾಲು. ಅಕ್ರಮ ಬಂಧನದಲ್ಲಿರುವವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅಂತ ಕೇಳುವ ಅರ್ಜಿ ಅದು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಹೈಕೋರ್ಟಿನಲ್ಲಿ ಹಾಕಬಹುದು. ಯಾರೋ ಅಕ್ರಮವಾಗಿ ಹಿಡಿದಿಟ್ಟಿದ್ದಾರೆ ಅಂತ ಹೇಳಲು ಆಧಾರ ಇದ್ದರೆ ಅದು ಸರಿಯಾದ ದಾರಿ. ಬರೀ ‘ಸಿಗುತ್ತಿಲ್ಲ’ ಅಂದರೆ ಠಾಣೆಗೆ ಹೋಗಿ ಅನ್ನುತ್ತಾರೆ. ಇನ್ನೊಂದು ಸತ್ಯವೂ ಬೋರ್ಡಿನಲ್ಲಿ ಇರಲಿ: ವಯಸ್ಕರು ಸಿಕ್ಕಿ ‘ನಾನು ಕ್ಷೇಮ, ಮನೆಗೆ ಬರುವುದಿಲ್ಲ’ ಅಂದರೆ ಯಾವ ಕೋರ್ಟೂ ಎಳೆದು ತಂದು ಒಪ್ಪಿಸುವುದಿಲ್ಲ.

ಎರಡನೆಯದಕ್ಕೆ ನಿಠಾರಿ ನೋಡಿ. ನೊಯ್ಡಾದ ಆ ಬಡಾವಣೆಯ ಮಕ್ಕಳು ಕಾಣೆಯಾಗುತ್ತಿದ್ದ ದೂರುಗಳು ಮೊದಲೇ ಇದ್ದವು. ಅವಶೇಷಗಳು ಸಿಕ್ಕಿದ್ದು 2006ರ ಡಿಸೆಂಬರಿನಲ್ಲಿ. ಕೆಳ ನ್ಯಾಯಾಲಯ ಮರಣದಂಡನೆ ಕೊಟ್ಟಿತು. 2023ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಆರೋಪಿಗಳನ್ನು ಖುಲಾಸೆ ಮಾಡಿತು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆರೋಪಿ ತೋರಿಸಿದ ಜಾಗ ಅಂತ ಹೇಳಿದರೂ, ತೋರಿಸುವ ಮೊದಲು ಕೊಟ್ಟ ಹೇಳಿಕೆ ಕಾನೂನು ಹೇಳಿದ ಹಾಗೆ ದಾಖಲಾಗಿರಲಿಲ್ಲ, ಅಗೆದ ಜಾಗ ಎಲ್ಲರಿಗೂ ತೆರೆದಿತ್ತು. ಪಂಚನಾಮೆಯ ಒಂದು ಪುಟದ ಬೆಲೆ ಅಷ್ಟು. ಈಗ ಬಿಎನ್‌ಎಸ್‌ಎಸ್ 105ರ ಪ್ರಕಾರ ಶೋಧ ಮತ್ತು ಜಪ್ತಿಯ ವಿಡಿಯೋ ಚಿತ್ರೀಕರಣ ಕಡ್ಡಾಯ. ಮನೆಯವರು ಮಾಡಬಹುದಾದ್ದು ಒಂದೇ: ರಕ್ತದ ಕಲೆ, ಚಪ್ಪಲಿ, ಫೋನು ಏನೇ ಕಂಡರೂ ಮುಟ್ಟದೆ, ಮನೆಗೆ ತರದೆ, ಇದ್ದಲ್ಲೇ ಫೋಟೋ ತೆಗೆದು ಕಾವಲಿದ್ದು ಪೊಲೀಸರನ್ನು ಕರೆಸುವುದು.

---

ಪಿಎಲ್‌ವಿ_ಕಲಬುರಗಿ

ವಯಸ್ಸಾದವರು, ಮರೆವಿನ ಕಾಯಿಲೆ ಇರುವವರು, ಮಾನಸಿಕ ಅಸ್ವಸ್ಥರು ಕಾಣೆಯಾದರೆ ಹುಡುಕುವ ಜಾಗವೇ ಬೇರೆ. ಅವರು ಟಿಕೆಟ್ ಇಲ್ಲದೆ ರೈಲು ಹತ್ತಿ ಭಾಷೆ ಗೊತ್ತಿಲ್ಲದ ಊರಲ್ಲಿ ಇಳಿದಿರುತ್ತಾರೆ. ರೈಲ್ವೆ ಸಹಾಯವಾಣಿ 139, ಹಿರಿಯರದ್ದು 14567. ಜಿಲ್ಲಾಸ್ಪತ್ರೆಯ ‘ಅನಾಮಧೇಯ ರೋಗಿ’ಗಳ ವಾರ್ಡು, ನಿರಾಶ್ರಿತರ ಪರಿಹಾರ ಕೇಂದ್ರ, ಖಾಸಗಿ ಅನಾಥಾಶ್ರಮಗಳನ್ನು ಖುದ್ದಾಗಿ ನೋಡಬೇಕು. ಬೆಂಗಳೂರಿನ ನಿರಾಶ್ರಿತರ ಕೇಂದ್ರ ಮಾಗಡಿ ರಸ್ತೆಯಲ್ಲಿದೆ. ಹೆಸರು ಹೇಳಿ ಫೋನಿನಲ್ಲಿ ಕೇಳಿದರೆ ‘ಇಲ್ಲ’ ಅನ್ನುತ್ತಾರೆ, ಯಾಕೆಂದರೆ ಅಲ್ಲಿ ಅವರ ಹೆಸರು ಬೇರೆ ಏನೋ ಆಗಿರುತ್ತದೆ. ಅಲೆದಾಡುವ ಮಾನಸಿಕ ಅಸ್ವಸ್ಥರು ಸಿಕ್ಕರೆ ಕಾಣೆಯಾದ ವ್ಯಕ್ತಿ ಅಂತ ಎಫ್‌ಐಆರ್ ಮಾಡಿ ಮನೆಯವರನ್ನು ಹುಡುಕುವುದು ಠಾಣಾಧಿಕಾರಿಯ ಕರ್ತವ್ಯ, ಮಾನಸಿಕ ಆರೋಗ್ಯ ಕಾಯ್ದೆ 2017ರ 100ನೇ ಕಲಂ. ಇದು ಎಷ್ಟೋ ಠಾಣೆಗೇ ನೆನಪಿರುವುದಿಲ್ಲ.

ಪೋಸ್ಟರ್ ಹಾಕುವಾಗ ಮನೆಯ ನಂಬರಿನ ಬದಲು ಠಾಣೆಯ ನಂಬರ್ ಹಾಕಿ. ‘ನಿಮ್ಮವರು ನಮ್ಮ ಹತ್ತಿರ ಇದ್ದಾರೆ, ಬಸ್ ಚಾರ್ಜಿಗೆ 5,000 ಹಾಕಿ’ ಅನ್ನುವ ಕರೆ ಎರಡೇ ದಿನಕ್ಕೆ ಬರುತ್ತದೆ. ಸದ್ಯದ ಫೋಟೋ ಕಳಿಸಿ, ಪೋಸ್ಟರಿನಲ್ಲಿ ಹಾಕದೆ ಉಳಿಸಿಕೊಂಡ ಒಂದು ಗುರುತು ಹೇಳಿ ಅನ್ನಿ, ಅಲ್ಲಿಗೆ ಕರೆ ಕಟ್ ಆಗುತ್ತದೆ. ಹಾಗಾಗಿ ಒಂದು ಗುರುತನ್ನು ಬೇಕೆಂದೇ ಪೋಸ್ಟರಿನಿಂದ ಬಿಡಿ, ಠಾಣೆಗೆ ಮಾತ್ರ ಕೊಡಿ. ಸಿಕ್ಕ ಮೇಲೆ ಪೋಸ್ಟರ್ ತೆಗೆಯುವುದೂ ಕೆಲಸವೇ, ಅದರಲ್ಲೂ ಲೈಂಗಿಕ ದೌರ್ಜನ್ಯ ಆಗಿದ್ದರೆ ಹೆಸರು-ಫೋಟೋ ಪ್ರಕಟಿಸುವುದು ಅಪರಾಧ.

ವರ್ಷಗಟ್ಟಲೆ ಆದವರಿಗೆ: 7 ವರ್ಷ ಸುದ್ದಿ ಇಲ್ಲದಿದ್ದರೆ ಸಾಕ್ಷ್ಯ ಅಧಿನಿಯಮದ 111ನೇ ಕಲಂ ಪ್ರಕಾರ ಮೃತರೆಂದು ಭಾವಿಸಬಹುದು, ಸಿವಿಲ್ ಕೋರ್ಟಿನ ಘೋಷಣೆ ಬೇಕಾಗುತ್ತದೆ. ಯಾವತ್ತು ತೀರಿಕೊಂಡರು ಅನ್ನುವುದನ್ನು ಆ ಕಲಂ ಹೇಳುವುದಿಲ್ಲ. ಅದಕ್ಕೇ ವಿಮೆಯ ಕಂತು ನಿಲ್ಲಿಸಬೇಡಿ. 2004ರ ಎಲ್‌ಐಸಿ ವಿರುದ್ಧ ಅನುರಾಧಾ ಪ್ರಕರಣದಲ್ಲಿ ಕಂತು ನಿಂತು ಪಾಲಿಸಿ ಲ್ಯಾಪ್ಸ್ ಆಗಿತ್ತು, ಸುಪ್ರೀಂ ಕೋರ್ಟಿನಲ್ಲಿ ಕುಟುಂಬಕ್ಕೆ ಹಣ ಸಿಗಲಿಲ್ಲ.

---

ತುಂಗಾತೀರ

ಎಲ್ಲರಿಗೂ ಧನ್ಯವಾದ. ಮಾದರಿ ದೂರು ಹೀಗೆ ಬರೆದಿದ್ದೇನೆ, ನೋಡಿ: ‘ದಿನಾಂಕ ____ರಂದು ಬೆಳಿಗ್ಗೆ ____ ಗಂಟೆಗೆ ನನ್ನ ಮಗಳು ____ ಬಸ್ ನಿಲ್ದಾಣದಲ್ಲಿ ಇದ್ದುದನ್ನು ____ರವರು ನೋಡಿರುತ್ತಾರೆ. ____ ಗಂಟೆಯಿಂದ ಆಕೆಯ ಮೊಬೈಲ್ ಸ್ವಿಚ್ ಆಫ್ ಆಗಿರುತ್ತದೆ. ಮನನೊಂದು ಎಲ್ಲಾದರೂ ಹೋಗಿರಬಹುದೆಂದು ಸಂಬಂಧಿಕರಲ್ಲಿ ವಿಚಾರಿಸಲಾಗಿ ಪತ್ತೆಯಾಗಿರುವುದಿಲ್ಲ.’ ಕೆಳಗೆ ಚಹರೆ, ಟೈಲರ್ ಪಟ್ಟಿ, ಐಎಂಇಐಗೆ ಖಾಲಿ ಚೌಕಗಳು, ಪ್ರತಿಯ ಮೇಲೆ ಮೊಹರಿಗೆ ಜಾಗ.

---

ನಿವೃತ್ತ_ರೈಟರ್

ಚೆನ್ನಾಗಿದೆ. ‘ಮನನೊಂದು ಎಲ್ಲಾದರೂ ಹೋಗಿರಬಹುದೆಂದು’ ಹೊಡೆದುಹಾಕಿ, ಬರೆಯಬೇಡಿ ಅಂದದ್ದೇ ಹಿಂಬಾಗಿಲಿಂದ ಬಂದು ಕೂತಿದೆ. ‘ಸಂಬಂಧಿಕರಲ್ಲಿ ವಿಚಾರಿಸಲಾಗಿ’ ಅನ್ನುವ ಕಡೆ ಯಾರ ಮನೆ, ಯಾವ ಊರು ಅಂತ ಬರೆಯಲು ಎರಡು ಗೆರೆ ಬಿಡಿ, ಪೊಲೀಸರು ಮತ್ತೆ ಅದೇ ಮನೆಗಳಿಗೆ ಅಲೆಯುವುದು ತಪ್ಪುತ್ತದೆ. ಸ್ವಿಚ್ ಆಫ್ ಆದ ಸಮಯ ‘ಸುಮಾರು’ ಅಂತ ಇರಲಿ, ಕೊನೆಯದಾಗಿ ರಿಂಗ್ ಆದ ಕರೆ ಯಾರ ನಂಬರಿನಿಂದ ಹೋಗಿತ್ತು ಅನ್ನುವುದನ್ನು ಖಚಿತವಾಗಿ ಬರೆಸಿ.

ಐಎಂಇಐಗೆ 14 ಚೌಕ ಹಾಕಿದರೆ ಸಾಲದು, 15 ಬೇಕು. ಪ್ರಿಂಟಿಗೆ ಕೊಡುವ ಮೊದಲು ಎಣಿಸಿ.